ನಿಂತಾಗ ಕುಸಿಯುವ ರಕ್ತದೊತ್ತಡ, ಉರಿಯುವ ಪಾದ: ಬಿ12 ಕೊರತೆಯ ಪಾತ್ರವೇನು?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ಅಡಿಕೆ ಕೃಷಿಕರು, ಸಸ್ಯಾಹಾರಿಗಳು. ನನ್ನ ತಂದೆಯವರಿಗೆ 66 ವರ್ಷ. ಸಕ್ಕರೆ ಕಾಯಿಲೆಗೆ ಬಹಳ ವರ್ಷಗಳಿಂದ ಮೆಟ್‌ಫಾರ್ಮಿನ್, ರಕ್ತದೊತ್ತಡಕ್ಕೆ ಆಮ್ಲೊಡಿಪಿನ್, ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುತ್ತಿದ್ದಾರೆ. ಒಂದು ವರ್ಷದಿಂದ ಪಾದಗಳಲ್ಲಿ ಉರಿ, ಜೋಮು. ಈಚೆಗೆ ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದೆ. ಕ್ಲಿನಿಕ್‌ನಲ್ಲಿ ನೋಡಿದಾಗ ಬಿ.ಪಿ. 156/88, ಮನೆಯಲ್ಲಿ ತಲೆ ತಿರುಗಿದಾಗ ನೋಡಿದರೆ 112/70. ಬಿ12 ಪ್ರಮಾಣ 148, ಹಿಮೋಗ್ಲೋಬಿನ್ 13.4 ಇದೆ. ರಕ್ತ ಚೆನ್ನಾಗಿರುವುದರಿಂದ ಫೋಲಿಕ್ ಆಸಿಡ್ ಮಾತ್ರೆ ಸಾಕು ಎಂದು ಪರಿಚಿತರೊಬ್ಬರು ಹೇಳಿದರು. ವಿಟಮಿನ್ ಕೊರತೆಯಿಂದ ರಕ್ತದೊತ್ತಡ ಹೀಗೆ ಏರಿಳಿಯುತ್ತದೆಯೇ? ಬಿ.ಪಿ. ಮಾತ್ರೆ ನಿಲ್ಲಿಸಬಹುದೇ? ಬಾಣಂತನಕ್ಕೆ ಬಂದಿರುವ ತಂಗಿಗೂ ಪರೀಕ್ಷೆ ಮಾಡಿಸಬೇಕೇ?

ಉತ್ತರ: ನೀವು ಬರೆದಿರುವ ಎರಡು ಅಂಕೆಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬ ಗೊಂದಲ ನಿಮಗಿರುವಂತೆ ಕಾಣುತ್ತದೆ. ಎರಡೂ ಸರಿಯಿರುವ ಸಾಧ್ಯತೆಯೇ ಹೆಚ್ಚು. ಕುಳಿತಾಗ ಅಥವಾ ಮಲಗಿದಾಗ ಹೆಚ್ಚಾಗಿದ್ದು, ಎದ್ದು ನಿಂತ ಕೂಡಲೇ ಕುಸಿಯುವ ರಕ್ತದೊತ್ತಡ ಒಂದೇ ದೇಹದಲ್ಲಿ, ಒಂದೇ ದಿನ, ಕೆಲವು ನಿಮಿಷಗಳ ಅಂತರದಲ್ಲಿ ಕಾಣಿಸಿಕೊಳ್ಳಬಲ್ಲದು. ಹಾಗೆ ಕಾಣಿಸಿಕೊಂಡಾಗ ಮೊದಲು ಸಂಶಯಪಡಬೇಕಾದುದು ರಕ್ತದೊತ್ತಡವನ್ನು ಕ್ಷಣಕ್ಷಣಕ್ಕೂ ಸರಿದೂಗಿಸುವ ನರಗಳನ್ನು. ನಿಮ್ಮ ತಂದೆಯವರಲ್ಲಿ ಆ ನರಗಳು ಸೊರಗುವುದಕ್ಕೆ ಎರಡು ಕಾರಣಗಳು ಒಟ್ಟಿಗೆ ಇವೆ: ಬಹುಕಾಲದ ಸಕ್ಕರೆ ಕಾಯಿಲೆ ಮತ್ತು ಬಿ12 ವಿಟಮಿನ್ನಿನ ಕೊರತೆ. ಮೊದಲನೆಯದರಿಂದ ಆಗಿರುವ ಹಾನಿಯನ್ನು ಹಿಂದಕ್ಕೆ ತರುವುದು ಕಷ್ಟ. ಎರಡನೆಯದನ್ನು ಸರಿಪಡಿಸಬಹುದು, ಆದರೆ ತಡಮಾಡಬಾರದು.

ನಾವು ಎದ್ದು ನಿಂತಾಗ ಸುಮಾರು ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಹೊಟ್ಟೆ ಮತ್ತು ಕಾಲುಗಳ ಅಭಿಧಮನಿಗಳತ್ತ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಒತ್ತಡ ತಗ್ಗತೊಡಗುತ್ತದೆ. ಕುತ್ತಿಗೆಯ ಕೆರೊಟಿಡ್ ರಕ್ತನಾಳದಲ್ಲಿಯೂ ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನಿನಲ್ಲಿಯೂ ಇರುವ ಸಂವೇದಕ ನರತುದಿಗಳು ಇದನ್ನು ತಕ್ಷಣ ಗುರುತಿಸಿ ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಬೆನ್ನುಹುರಿಯ ಮೂಲಕ ಬರುವ ಆದೇಶದಂತೆ ಸಿಂಪಥೆಟಿಕ್ ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿ ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ, ನಾಡಿಯ ವೇಗವನ್ನು ಹೆಚ್ಚಿಸುತ್ತವೆ. ಇಳಿಜಾರಿನ ಅಡಿಕೆ ತೋಟದಲ್ಲಿ ಮೇಲಿನ ತಟ್ಟಿನಲ್ಲಿ ನೀರು ಚಿಮ್ಮಿಸುವ ಜೆಟ್‌ಗಳು ತಿರುಗಬೇಕಾದರೆ ಕೆಳಗಿನ ಸಾಲಿನ ಗೇಟ್‌ವಾಲ್ವನ್ನು ಬಿಗಿ ಮಾಡಬೇಕಷ್ಟೆ. ಪಂಪು ಎಷ್ಟೇ ಚೆನ್ನಾಗಿದ್ದರೂ ವಾಲ್ವ್ ತಿರುಗಿಸುವವರಿಲ್ಲದಿದ್ದರೆ ನೀರೆಲ್ಲ ಕೆಳಗೇ ಹರಿದುಹೋಗುತ್ತದೆ. ನಿಮ್ಮ ತಂದೆಯವರಲ್ಲಿ ಹೃದಯ ಚೆನ್ನಾಗಿಯೇ ಇದ್ದು, ರಕ್ತನಾಳವನ್ನು ಬಿಗಿಗೊಳಿಸುವ ನರಗಳ ಕೆಲಸ ನಿಧಾನವಾಗಿರಬಹುದು.

ಇಲ್ಲಿ ಬಿ12ರ ಪಾತ್ರವೇನು? ನರತಂತುಗಳಲ್ಲಿ ಹಲವಕ್ಕೆ ಮಯಲಿನ್ ಎಂಬ ಕೊಬ್ಬು ಮತ್ತು ಪ್ರೋಟೀನುಗಳ ಹೊದಿಕೆ ಇರುತ್ತದೆ. ಈ ಹೊದಿಕೆ ಸುಸ್ಥಿತಿಯಲ್ಲಿರಬೇಕಾದರೆ ದೇಹದಲ್ಲಿ ಎರಡು ರಾಸಾಯನಿಕ ಕ್ರಿಯೆಗಳು ನಡೆಯುತ್ತಿರಬೇಕು, ಎರಡಕ್ಕೂ ಬಿ12 ಬೇಕೇ ಬೇಕು. ಒಂದರಲ್ಲಿ ಹೋಮೊಸಿಸ್ಟೀನ್ ಎಂಬ ವಸ್ತು ಮಿಥಿಯೊನಿನ್ ಆಗಿ ಬದಲಾಗುತ್ತದೆ. ಇನ್ನೊಂದರಲ್ಲಿ ಮಿಥೈಲ್‌ಮೆಲೋನಿಕ್ ಆಮ್ಲದ ರೂಪದಲ್ಲಿ ಸಂಗ್ರಹವಾಗಬಹುದಾದ ತ್ಯಾಜ್ಯ ಮುಂದೆ ಸಾಗಿ ಶಕ್ತಿಯ ಉತ್ಪಾದನೆಗೆ ಸೇರಿಕೊಳ್ಳುತ್ತದೆ. ಬಿ12 ಕಡಿಮೆಯಾದಾಗ ಇವೆರಡೂ ಕುಂಠಿತವಾಗಿ ಮಯಲಿನ್ ಹೊದಿಕೆ ಊದಿಕೊಂಡು ಸಡಿಲವಾಗುತ್ತದೆ, ಮುಂದುವರಿದರೆ ನರತಂತುವೇ ನಾಶವಾಗುತ್ತದೆ. ಅತಿ ಉದ್ದದ ನರಗಳಿಗೆ ಮೊದಲು ಪೆಟ್ಟು ಬೀಳುವುದರಿಂದ ತೊಂದರೆ ಪಾದಗಳಿಂದ ಆರಂಭವಾಗುತ್ತದೆ. ಬೆನ್ನುಹುರಿಯ ಹಿಂಭಾಗದ ನರತಂತುಗಳ ಕಂಬಗಳೂ ಪಕ್ಕದ ಹಾದಿಗಳೂ ಕ್ರಮೇಣ ಕೆಡುತ್ತವೆ. ರಕ್ತದೊತ್ತಡದ ಆದೇಶಗಳು ಇಳಿದುಬರುವುದೂ ಬೆನ್ನುಹುರಿಯ ಮೂಲಕವೇ. ಎದ್ದು ನಿಂತಾಗ ನಾರ್‌ಅಡ್ರಿನಲಿನ್ ಸಾಕಷ್ಟು ಏರದಿರುವುದು ಬಿ12 ಕೊರತೆಯ ರೋಗಿಗಳಲ್ಲಿ ದಾಖಲಾಗಿದೆ. ಸಕ್ಕರೆ ಕಾಯಿಲೆಯಲ್ಲಿ ಕಾಣುವ, ತಾವಾಗಿಯೇ ಕೆಲಸ ಮಾಡುವ ಸ್ವಾಯತ್ತ ನರಗಳ ದೌರ್ಬಲ್ಯವನ್ನೇ ಹೋಲುವ ಚಿತ್ರ ಸಕ್ಕರೆ ಕಾಯಿಲೆಯಿಲ್ಲದೆ ಬಿ12 ಕೊರತೆ ಮಾತ್ರ ಇರುವವರಲ್ಲಿಯೂ ಕಂಡುಬಂದಿದೆ. ಚುಚ್ಚುಮದ್ದು ಕೊಟ್ಟ ಮೇಲೆ ನಿಂತಾಗಿನ ಕುಸಿತ ಸರಿಹೋದ ಉದಾಹರಣೆಗಳೂ ಇವೆ.

ಈಗ ನಿಮ್ಮ ಪರಿಚಿತರ ಸಲಹೆಯನ್ನು ನೋಡೋಣ, ಏಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಆತಂಕ ತಂದ ಸಾಲು ಅದು. ಹಿಮೋಗ್ಲೋಬಿನ್ 13.4 ಇರುವುದರಿಂದ ಬಿ12 ಕೊರತೆಯ ಹಾನಿ ಆಗಿಲ್ಲ ಎಂದು ತೀರ್ಮಾನಿಸುವಂತಿಲ್ಲ. ರಕ್ತಹೀನತೆ ಸ್ವಲ್ಪವೂ ಇಲ್ಲದೆ ನರಗಳು ಮಾತ್ರ ಕೆಡುವ ರೋಗಿಗಳು ಗಣನೀಯ ಸಂಖ್ಯೆಯಲ್ಲಿದ್ದಾರೆ. ಇನ್ನೂ ಮುಖ್ಯವಾದುದು, ಬಿ12 ಕಡಿಮೆಯಿರುವವರಿಗೆ ಬರೀ ಫೋಲಿಕ್ ಆಸಿಡ್ ಕೊಟ್ಟರೆ ರಕ್ತ ಸುಧಾರಿಸಿದಂತೆ ತೋರುತ್ತದೆ, ನರಹಾನಿ ಒಳಗೊಳಗೇ ಮುಂದುವರಿಯುತ್ತದೆ. 1940ರ ದಶಕದಲ್ಲಿ ಫೋಲಿಕ್ ಆಸಿಡ್ ಕೃತಕವಾಗಿ ತಯಾರಾದಾಗ ವೈದ್ಯರು ಅದನ್ನು ಬಿ12 ಹೀರಲ್ಪಡದೆ ರಕ್ತಹೀನತೆ ಬರುವ ಪರ್ನಿಶಿಯಸ್ ಅನೀಮಿಯ ಎಂಬ ಕಾಯಿಲೆಗೆ ಉತ್ಸಾಹದಿಂದ ಬಳಸಿದರು. ರೋಗಿಗಳ ರಕ್ತಕಣಗಳು ಹೆಚ್ಚಿದವು. ಆದರೆ ಅವರಲ್ಲಿ ಹಲವರ ಕಾಲುಗಳಲ್ಲಿ ಶಕ್ತಿ ಮತ್ತು ಸ್ಪರ್ಶಜ್ಞಾನ ಕುಂದತೊಡಗಿತು. 1948ರಲ್ಲಿ ಬಿ12 ಬೇರ್ಪಡಿಸಲ್ಪಟ್ಟ ನಂತರವೇ ನರಗಳಿಗೆ ಬೇಕಾದ ವಸ್ತು ಅದು ಎಂಬುದು ಸ್ಪಷ್ಟವಾಯಿತು. ಆದುದರಿಂದ ಫೋಲಿಕ್ ಆಸಿಡ್ ಒಂದನ್ನೇ ಕೊಡುತ್ತಿದ್ದರೆ ಇಂದೇ ವೈದ್ಯರಿಗೆ ತಿಳಿಸಿ, ಬಿ12 ಚಿಕಿತ್ಸೆ ಆರಂಭವಾಗುವಂತೆ ನೋಡಿಕೊಳ್ಳಿ.

148 ಎಂಬುದು ಒಂದು ಮಿಲಿಲೀಟರ್ ರಕ್ತದ್ರವದಲ್ಲಿ ಇರುವ ಪಿಕೋಗ್ರಾಂಗಳ ಲೆಕ್ಕ. ಸಾಮಾನ್ಯವಾಗಿ 200ಕ್ಕಿಂತ ಕೆಳಗಿದ್ದರೆ ಕೊರತೆ, 200ರಿಂದ 300ರವರೆಗೆ ಅನುಮಾನಾಸ್ಪದ ಎಂದು ಪರಿಗಣಿಸುತ್ತಾರೆ; ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಈ ಗಡಿ ಸ್ವಲ್ಪ ಬದಲಾಗುತ್ತದೆ. ಅನುಮಾನದ ಮಟ್ಟದಲ್ಲಿರುವವರಿಗೆ ಹೋಮೊಸಿಸ್ಟೀನ್ ಅಥವಾ ಮಿಥೈಲ್‌ಮೆಲೋನಿಕ್ ಆಮ್ಲದ ಪರೀಕ್ಷೆ ಮಾಡಿಸಿದರೆ ನಿರ್ಧಾರ ಸುಲಭ. ತಂದೆಯವರ ಅಂಕೆ ಮತ್ತು ಲಕ್ಷಣಗಳನ್ನು ಒಟ್ಟಿಗೆ ನೋಡಿದರೆ ಆ ದುಬಾರಿ ಪರೀಕ್ಷೆಗಳಿಗಾಗಿ ಮಂಗಳೂರಿಗೆ ಅಲೆದಾಡುತ್ತಾ ಚಿಕಿತ್ಸೆಯನ್ನು ಮುಂದೂಡುವ ಅಗತ್ಯ ನನಗೆ ಕಾಣುವುದಿಲ್ಲ.

ಕೊರತೆ ಬಂದದ್ದು ಹೇಗೆಂಬುದಕ್ಕೆ ನಿಮ್ಮ ಪತ್ರದಲ್ಲಿಯೇ ಮೂರು ಕಾರಣಗಳಿವೆ. ಬಿ12 ಸಸ್ಯಗಳಲ್ಲಿ ಇಲ್ಲ. ಅದನ್ನು ತಯಾರಿಸುವುದು ಸೂಕ್ಷ್ಮಾಣುಜೀವಿಗಳು, ನಮಗೆ ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸಗಳ ಮೂಲಕ. ವಯಸ್ಕರೊಬ್ಬರಿಗೆ ದಿನಕ್ಕೆ ಬೇಕಾದುದು ಎರಡರಿಂದ ಎರಡೂವರೆ ಮೈಕ್ರೋಗ್ರಾಂ ಮಾತ್ರ. ಒಂದು ಲೋಟ, ಅಂದರೆ 200 ಮಿ.ಲೀ. ಹಸುವಿನ ಹಾಲಿನಲ್ಲಿ ಒಂದು ಮೈಕ್ರೋಗ್ರಾಂಗಿಂತ ಸ್ವಲ್ಪ ಕಡಿಮೆ ಸಿಗುತ್ತದೆ. ಚಹಾಕ್ಕೆ ಹಾಕುವ ಎರಡು ಚಮಚ ಹಾಲು ಮತ್ತು ಊಟದ ಕೊನೆಗೆ ಬಡಿಸುವ ನೀರು ಮಜ್ಜಿಗೆ ಈ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಮನೆಯಲ್ಲಿ ದನ ಇದೆ, ಹಾಲು ಮಜ್ಜಿಗೆಗೆ ಕೊರತೆಯಿಲ್ಲ ಎನ್ನುವ ಕುಟುಂಬಗಳಲ್ಲಿಯೂ ಹಿರಿಯರು ನಿಜವಾಗಿ ಎಷ್ಟು ಹಾಲು ಕುಡಿಯುತ್ತಾರೆ ಎಂದು ಅಳೆದು ನೋಡಿದರೆ ಲೆಕ್ಕ ಬೇರೆಯೇ ಇರುತ್ತದೆ. ಇಡ್ಲಿ, ದೋಸೆಯ ಹುಳಿಹಿಟ್ಟಿನಲ್ಲಿ ಬಿ12 ಸಿಗುತ್ತದೆಂಬ ನಂಬಿಕೆಯನ್ನು ಅವಲಂಬಿಸುವಂತಿಲ್ಲ. ಸ್ಪಿರುಲಿನಾ ಎಂಬ ಪಾಚಿಯಲ್ಲಿರುವುದು ಬಹುಮಟ್ಟಿಗೆ ಮನುಷ್ಯನ ದೇಹಕ್ಕೆ ಉಪಯೋಗವಾಗದ ರೂಪ.

ಎರಡನೆಯದು ಮೆಟ್‌ಫಾರ್ಮಿನ್. ಬಿ12 ಜಠರದಲ್ಲಿ ಆಹಾರದಿಂದ ಬಿಡುಗಡೆಯಾಗಿ, ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನಿನ ಜೊತೆಗೂಡಿ, ಸಣ್ಣಕರುಳಿನ ಕೊನೆಯ ಭಾಗದಲ್ಲಿ ಹೀರಲ್ಪಡುತ್ತದೆ. ಈ ಕೊನೆಯ ಹೆಜ್ಜೆಗೆ ಮೆಟ್‌ಫಾರ್ಮಿನ್ ಅಡ್ಡಿಯಾಗುತ್ತದೆ. ಪ್ರಮಾಣ ಹೆಚ್ಚಿದಷ್ಟೂ ವರ್ಷಗಳು ಉರುಳಿದಷ್ಟೂ ಅಪಾಯ ಹೆಚ್ಚು. ಮೆಟ್‌ಫಾರ್ಮಿನ್ ಸೇವಿಸುವ, ಅಪಾಯವಿರುವ ರೋಗಿಗಳಲ್ಲಿ ಬಿ12 ಪ್ರಮಾಣವನ್ನು ಆಗಾಗ ಪರೀಕ್ಷಿಸುವಂತೆ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ವೈದ್ಯರಿಗೆ ಸೂಚಿಸಿತು. ಇದನ್ನು ಓದಿ ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ. ಅದು ಒಳ್ಳೆಯ ಔಷಧ, ಜೊತೆಗೆ ಬಿ12 ಕೊಟ್ಟರೆ ಸಮಸ್ಯೆ ಬಗೆಹರಿಯುತ್ತದೆ. ಮೂರನೆಯದಾದ ಪ್ಯಾಂಟೊಪ್ರಜೋಲ್ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗಲ್ಲ. ಜಠರದ ಆಮ್ಲವನ್ನು ತಗ್ಗಿಸುವ ಈ ಮಾತ್ರೆ ಆಹಾರದಿಂದ ಬಿ12 ಬಿಡುಗಡೆಯಾಗುವುದನ್ನೇ ಕುಂದಿಸುತ್ತದೆ, ಮತ್ತು ನಮ್ಮಲ್ಲಿ ಎಷ್ಟೋ ಮಂದಿ ಯಾವಾಗಲೋ ಎರಡು ವಾರಕ್ಕೆಂದು ಬರೆದುಕೊಟ್ಟದ್ದನ್ನು ವರ್ಷಗಟ್ಟಲೆ ಮುಂದುವರಿಸುತ್ತಾರೆ. ಅದು ಈಗಲೂ ಬೇಕೇ ಎಂದು ವೈದ್ಯರನ್ನು ಕೇಳಿ.

ದೇಹದಲ್ಲಿ, ಮುಖ್ಯವಾಗಿ ಯಕೃತ್ತಿನಲ್ಲಿ, ಎರಡರಿಂದ ಐದು ಮಿಲಿಗ್ರಾಂ ಬಿ12 ದಾಸ್ತಾನು ಇರುವುದರಿಂದ ಕೊರತೆ ಬೆಳಕಿಗೆ ಬರುವುದಕ್ಕೆ ವರ್ಷಗಳು ಬೇಕು. ಲಕ್ಷಣಗಳು ಬಹಳ ಮೆಲ್ಲನೆ ಬರುತ್ತವೆ; ಮನೆಯವರು ವಯಸ್ಸಿನ ಲೆಕ್ಕಕ್ಕೆ ಬಿಡುತ್ತಾರೆ. ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯದಿರುವುದು, ಮುಖ ತೊಳೆಯಲು ಕಣ್ಣು ಮುಚ್ಚಿದರೆ ತೂಗಾಡಿದಂತಾಗುವುದು, ಹಗಲಿನಲ್ಲಿ ಸರಾಗವಾಗಿ ದಾಟುತ್ತಿದ್ದ ತೋಡಿನ ಸಂಕವನ್ನು, ಅಂದರೆ ಕಾಲುಸೇತುವೆಯನ್ನು, ಮುಸ್ಸಂಜೆಯಲ್ಲಿ ದಾಟಲು ಅಂಜುವುದು, ಇವೆಲ್ಲ ಬೆನ್ನುಹುರಿಯ ಹಿಂಭಾಗದ ನರಗಳು ಕೆಟ್ಟಿರುವುದರ ಸೂಚನೆಗಳು. ಪಾದ ಎಲ್ಲಿದೆ ಎಂಬ ಸುದ್ದಿ ಮೆದುಳಿಗೆ ಬಾರದಿದ್ದಾಗ ಮನುಷ್ಯ ಕಣ್ಣನ್ನೇ ನೆಚ್ಚಿಕೊಂಡು ನಡೆಯುತ್ತಾನೆ. ಬೆಳಕು ಕಡಿಮೆಯಾದರೆ ಆ ಆಸರೆಯೂ ತಪ್ಪುತ್ತದೆ. ವೈದ್ಯರು 128 ಕಂಪನದ ಟ್ಯೂನಿಂಗ್ ಫೋರ್ಕನ್ನು ಮಿಡಿದು ಕಾಲಿನ ಹೆಬ್ಬೆರಳ ಮೇಲೆ ಇಟ್ಟು, ಕಂಪನ ತಿಳಿಯುತ್ತದೆಯೇ ಎಂದು ಕೇಳುತ್ತಾರೆ. ಎರಡು ನಿಮಿಷದ ಈ ಪರೀಕ್ಷೆ ಆಗಿರದಿದ್ದರೆ ಮುಂದಿನ ಭೇಟಿಯಲ್ಲಿ ಕೇಳಿ ಮಾಡಿಸಿಕೊಳ್ಳಿ. ಮರೆವು, ಸಿಟ್ಟು, ಮಂಕುತನ ಈಚೆಗೆ ಹೆಚ್ಚಾಗಿದ್ದರೆ ಅದನ್ನೂ ಹೇಳಿ, ಮೆದುಳಿಗೂ ಈ ವಿಟಮಿನ್ ಬೇಕು.

ರಕ್ತದೊತ್ತಡವನ್ನು ನೀವು ಮನೆಯಲ್ಲಿಯೇ ಹೀಗೆ ಅಳೆಯಿರಿ. ಬೆಳಿಗ್ಗೆ ತಂದೆಯವರು ಐದು ನಿಮಿಷ ಅಂಗಾತ ಮಲಗಿರಲಿ; ಮಾತನಾಡುವುದು ಬೇಡ. ತೋಳಿಗೆ ಪಟ್ಟಿ ಸುತ್ತಿ ಒತ್ತಡವನ್ನೂ ನಾಡಿಯನ್ನೂ ಬರೆದುಕೊಳ್ಳಿ. ಪಟ್ಟಿಯನ್ನು ಬಿಚ್ಚದೆ ಎಬ್ಬಿಸಿ ನಿಲ್ಲಿಸಿ, ಒಂದು ನಿಮಿಷವಾದಾಗ ಒಮ್ಮೆ, ಮೂರು ನಿಮಿಷವಾದಾಗ ಇನ್ನೊಮ್ಮೆ ಅಳೆಯಿರಿ. ನಿಂತಾಗ ತೋಳು ಎದೆಯ ಮಟ್ಟದಲ್ಲಿ ಇರುವಂತೆ ಕೆಳಗಿನಿಂದ ಆಧಾರ ಕೊಡಬೇಕು, ಇಳಿಬಿಟ್ಟ ಕೈಯಲ್ಲಿ ಅಂಕೆ ಹೆಚ್ಚಾಗಿ ತೋರುತ್ತದೆ. ಪಕ್ಕದಲ್ಲಿ ಇನ್ನೊಬ್ಬರು ಇರಲಿ, ಹಿಂದೆ ಕುರ್ಚಿ ಇರಲಿ, ಕಣ್ಣು ಕತ್ತಲಾದರೆ ಅಲ್ಲಿಗೇ ನಿಲ್ಲಿಸಿ ಕುಳ್ಳಿರಿಸಿ. ಮೂರು ನಿಮಿಷದೊಳಗೆ ಮೇಲಿನ ಅಂಕೆ 20 ಅಥವಾ ಕೆಳಗಿನ ಅಂಕೆ 10 ಇಳಿದರೆ ಅದು ವೈದ್ಯಕೀಯವಾಗಿ ಗಣನೆಗೆ ತೆಗೆದುಕೊಳ್ಳಬೇಕಾದ ಕುಸಿತ. ನಾಡಿಯ ಅಂಕೆಯೂ ಅಷ್ಟೇ ಮುಖ್ಯ. ಒತ್ತಡ ಇಷ್ಟು ಕುಸಿದಾಗ ಆರೋಗ್ಯವಂತರ ನಾಡಿ ಚುರುಕಾಗಿ ಏರುತ್ತದೆ; ನೀರಡಿಕೆ, ಭೇದಿ, ರಕ್ತಸ್ರಾವಗಳಿಂದ ಕುಸಿದವರಲ್ಲೂ ಹಾಗೆಯೇ. ಒತ್ತಡ ಇಳಿದರೂ ನಾಡಿ ಹೆಚ್ಚುಕಡಿಮೆ ಇದ್ದಲ್ಲೇ ಇದ್ದರೆ ದೋಷ ನರಗಳಲ್ಲಿದೆ ಎಂದು ಶಂಕಿಸಬೇಕು. ಹೀಗೆಯೇ ಮಧ್ಯಾಹ್ನದ ಊಟವಾಗಿ ಒಂದು ಗಂಟೆಯ ಮೇಲೂ ಒಮ್ಮೆ ಅಳೆಯಿರಿ, ಏಕೆಂದರೆ ಹೊಟ್ಟೆ ತುಂಬ ಅನ್ನ ಉಂಡಾಗ ರಕ್ತ ಕರುಳಿನತ್ತ ಹರಿದು, ನರಗಳು ಸೋತವರಲ್ಲಿ ಒತ್ತಡ ಇನ್ನಷ್ಟು ಇಳಿಯುತ್ತದೆ. ಒಂದು ವಾರದ ಈ ಬರಹ ವೈದ್ಯರ ಕೈಗೆ ಸಿಕ್ಕರೆ ಅದು ಕ್ಲಿನಿಕ್‌ನ ಒಂದೇ ಅಂಕೆಗಿಂತ ಹೆಚ್ಚು ಉಪಯುಕ್ತ.

ಬಿ.ಪಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮಲಗಿದಾಗ ಮತ್ತು ಕುಳಿತಾಗ ಇರುವ 156ರ ಒತ್ತಡ ಮೆದುಳಿಗೂ ಮೂತ್ರಪಿಂಡಕ್ಕೂ ಅಪಾಯಕಾರಿ. ಹಾಗೆಂದು ಆ ಅಂಕೆಯನ್ನು ಮಾತ್ರ ನೋಡಿ ಮಾತ್ರೆಯನ್ನು ಹೆಚ್ಚಿಸಿದರೆ ನಿಂತಾಗ ಬಿದ್ದು ಸೊಂಟದ ಮೂಳೆ ಮುರಿಯುವ ಭಯ. ಯಾವ ಮಾತ್ರೆ, ಯಾವ ಹೊತ್ತಿಗೆ, ಎಷ್ಟು ಎಂಬುದನ್ನು ಮೇಲಿನ ಬರಹದ ಆಧಾರದಲ್ಲಿ ವೈದ್ಯರು ತೀರ್ಮಾನಿಸಲಿ. ಇನ್ನೊಂದು ಮಾತು ನಮ್ಮ ಗಡಿಯ ಕುಟುಂಬಗಳಿಗೆ ವಿಶೇಷವಾಗಿ ಹೇಳಬೇಕಾಗಿದೆ. ಊರಿನ ಕುಟುಂಬ ಆರೋಗ್ಯ ಕೇಂದ್ರದಿಂದ ಕೆಲವು ಮಾತ್ರೆ, ಮಂಗಳೂರಿನ ತಜ್ಞರಿಂದ ಕೆಲವು ಮಾತ್ರೆ ಎಂದು ಎರಡು ಕಡೆಯ ಚೀಟಿಗಳು ಒಂದೇ ಮನೆಯಲ್ಲಿ ಸೇರುತ್ತವೆ, ಒಂದೇ ಔಷಧ ಎರಡು ಹೆಸರಿನಲ್ಲಿ ಎರಡು ಸಲ ಹೊಟ್ಟೆಗೆ ಹೋಗುವುದುಂಟು. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟಾಮ್ಸುಲೊಸಿನ್‌ನಂಥ ಮಾತ್ರೆಗಳೂ ಮೂತ್ರ ಹೆಚ್ಚಿಸುವ ಮಾತ್ರೆಗಳೂ ನಿಂತಾಗಿನ ಒತ್ತಡವನ್ನು ತಗ್ಗಿಸುತ್ತವೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಒಬ್ಬರೇ ವೈದ್ಯರ ಮುಂದೆ ಇಡಿ.

ಚಿಕಿತ್ಸೆಯ ಬಗ್ಗೆ: ನರಗಳ ಲಕ್ಷಣವಿರುವಾಗ ಮೊದಲ ವಾರಗಳಲ್ಲಿ ಚುಚ್ಚುಮದ್ದನ್ನೇ ಹೆಚ್ಚಿನ ವೈದ್ಯರು ಆರಿಸುತ್ತಾರೆ. ಸಾಮಾನ್ಯವಾಗಿ 1000 ಮೈಕ್ರೋಗ್ರಾಂನ ಸೂಜಿಯನ್ನು ಆರಂಭದಲ್ಲಿ ದಿನ ಬಿಟ್ಟು ದಿನ, ಅನಂತರ ಅಂತರ ಹೆಚ್ಚಿಸಿ ಕೊಡುತ್ತಾರೆ. ಮುಂದೆ ಮಾತ್ರೆಯೂ ನಡೆಯುತ್ತದೆ. ಬಾಯಿಯ ಮೂಲಕ 1000 ಮೈಕ್ರೋಗ್ರಾಂ ಕೊಟ್ಟರೆ ಅದರ ನೂರಕ್ಕೆ ಒಂದರಷ್ಟು ಯಾವ ಸಹಾಯವೂ ಇಲ್ಲದೆ ಕರುಳಿನಿಂದ ಒಳಸೇರುತ್ತದೆ, ದಿನದ ಅಗತ್ಯಕ್ಕೆ ಅಷ್ಟು ಸಾಕು. ಮಿಥೈಲ್‌ಕೋಬಾಲಮಿನ್ ಎಂಬ ಹೆಚ್ಚು ಬೆಲೆಯ ರೂಪವೇ ಬೇಕೆಂದು ಹಟ ಹಿಡಿಯಬೇಕಾಗಿಲ್ಲ, ಉಳಿದ ರೂಪಗಳಿಗಿಂತ ಅದು ಮೇಲೆಂಬುದು ಸಿದ್ಧವಾಗಿಲ್ಲ. ಸುಧಾರಣೆ ವಾರಗಳಿಂದ ತಿಂಗಳುಗಳಲ್ಲಿ ಕಾಣುತ್ತದೆ. ಮೊದಲ ಆರು ತಿಂಗಳಲ್ಲಿ ಹೆಚ್ಚಿನ ಪಾಲು ಬರುತ್ತದೆ. ನರಗಳು ಚೇತರಿಸುವಾಗ ಕೆಲವರಿಗೆ ಉರಿ, ಚುಚ್ಚಿದ ಅನುಭವ ಮೊದಲಿಗೆ ಸ್ವಲ್ಪ ಹೆಚ್ಚಾಗುವುದುಂಟು, ಅದಕ್ಕೆ ಹೆದರಿ ಸೂಜಿ ನಿಲ್ಲಿಸಬಾರದು.

ಅಲ್ಲಿಯವರೆಗೆ ಬೀಳದಂತೆ ಕಾಯುವುದು ಮುಖ್ಯ. ಬೆಳಿಗ್ಗೆ ಏಳುವ ಮೊದಲು ಎರಡು ಲೋಟ ನೀರು ಕುಡಿದು, ಮಂಚದ ಅಂಚಿನಲ್ಲಿ ಕುಳಿತು ಪಾದಗಳನ್ನು ಹತ್ತಾರು ಬಾರಿ ಮೇಲೆ ಕೆಳಗೆ ಆಡಿಸಿ ಅನಂತರ ಏಳಲಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರಿಗೆ ಮಿತಿ ಹೇಳಿದ್ದರೆ ಮಾತ್ರ ವೈದ್ಯರನ್ನು ಕೇಳಬೇಕು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಅರ್ಧ ಅಡಿಯಷ್ಟು ಎತ್ತರದ ಮರದ ತುಂಡುಗಳನ್ನು ಇಟ್ಟರೆ ರಾತ್ರಿಯ ಏರೊತ್ತಡವೂ ಬೆಳಗಿನ ಕುಸಿತವೂ ಕಡಿಮೆಯಾಗುತ್ತವೆ. ಬಚ್ಚಲಿನಲ್ಲಿ ಹಂಡೆಯ ಸುಡುನೀರನ್ನು ಹೊತ್ತುಗಟ್ಟಲೆ ಹೊಯ್ದುಕೊಳ್ಳುವ ಅಭ್ಯಾಸವಿದ್ದರೆ ಈಗ ಬೇಡ. ಬಿಸಿನೀರು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಇಂಥವರು ಬಚ್ಚಲಿನ ಕಲ್ಲಿನ ಮೇಲೆಯೇ ತಲೆಸುತ್ತಿ ಬೀಳುತ್ತಾರೆ. ಉಗುರುಬೆಚ್ಚಗಿನ ನೀರಿನಲ್ಲಿ, ಸ್ಟೂಲಿನ ಮೇಲೆ ಕುಳಿತು, ಬಾಗಿಲಿಗೆ ಚಿಲಕ ಹಾಕದೆ ಸ್ನಾನ ಮಾಡಲಿ. ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುವುದರಿಂದ ನೀರಿನ ಬಿಸಿಯನ್ನು ಕೈಯಿಂದ ನೋಡಬೇಕು. ಒತ್ತಡ ಕುಸಿಯುತ್ತದೆಂದು ಉಪ್ಪಿನಕಾಯಿ, ಹಪ್ಪಳ ಹೆಚ್ಚಿಸುವುದು ಮಲಗಿದಾಗ ಏರೊತ್ತಡ ಇರುವ ಇವರಿಗೆ ಸಲ್ಲದು.

ಬೇರೆ ವಿಟಮಿನ್‌ಗಳ ವಿಷಯ. ಥಯಮಿನ್, ಅಂದರೆ ಬಿ1 ಕೊರತೆಯಿಂದ ಬರುವ ಬೆರಿಬೆರಿಯಲ್ಲಿ ಒಂದು ಬಗೆ ನರಗಳನ್ನು ಕೆಡಿಸುತ್ತದೆ, ಇನ್ನೊಂದು ಬಗೆ ರಕ್ತನಾಳಗಳನ್ನು ಹಿಗ್ಗಿಸಿ ಹೃದಯವನ್ನು ದಣಿಸಿ ಕಾಲು ಊದಿಸುತ್ತದೆ. ಜಾವಾ ದ್ವೀಪದಲ್ಲಿ 1890ರ ದಶಕದಲ್ಲಿ ಕೋಳಿಗಳಿಗೆ ಪಾಲಿಶ್ ಮಾಡಿದ ಅಕ್ಕಿ ಹಾಕಿ ಐಕ್ಮನ್ ಇದರ ಎಳೆಯನ್ನು ಹಿಡಿದರು, ಆ ಕೆಲಸಕ್ಕೆ 1929ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ನಮ್ಮ ಕುಚ್ಚಲಕ್ಕಿಗೆ ಇಲ್ಲಿ ದೊಡ್ಡ ಗುಣವಿದೆ: ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಥಯಮಿನ್ ಕಾಳಿನೊಳಗೆ ಇಳಿಯುತ್ತದೆ, ಮಿಲ್ಲಿನಲ್ಲಿ ಹೊಳಪು ಮಾಡಿದರೂ ಬಹುಪಾಲು ಉಳಿಯುತ್ತದೆ. ಬೆಳ್ತಿಗೆ ಅಕ್ಕಿಯಲ್ಲಿ ಆ ಲಾಭವಿಲ್ಲ. ಬಸಿದ ಗಂಜಿನೀರಿನಲ್ಲಿ, ನಾವು ತೆಳಿ ಎನ್ನುವುದರಲ್ಲಿ, ಥಯಮಿನ್ ಕರಗಿರುವುದರಿಂದ ಅದನ್ನು ಚೆಲ್ಲದೆ ಬಳಸುವುದು ಒಳ್ಳೆಯದು. ಕುಡಿತದ ಚಟ ಅಥವಾ ದೀರ್ಘಕಾಲದ ವಾಂತಿ ಇಲ್ಲದಿದ್ದರೆ ನಿಮ್ಮ ತಂದೆಯವರಲ್ಲಿ ಈ ಕೊರತೆಯ ಸಾಧ್ಯತೆ ಕಡಿಮೆ.

ವಿಟಮಿನ್ ಡಿ ಕಡಿಮೆಯಿರುವವರಲ್ಲಿ ಏರೊತ್ತಡ ಹೆಚ್ಚಾಗಿ ಕಾಣುತ್ತದೆಂಬುದು ನಿಜವಾದರೂ, ಡಿ ಕೊಟ್ಟರೆ ರಕ್ತದೊತ್ತಡ ಇಳಿಯುತ್ತದೆಂದು ದೊಡ್ಡ ಪ್ರಯೋಗಗಳು ತೋರಿಸಿಲ್ಲ. ಮೂಳೆಗೆ ಬೇಕಾದರೆ ತೆಗೆದುಕೊಳ್ಳಲಿ. ವಾರಕ್ಕೊಂದರಂತೆ ಬರೆದ 60,000 ಯೂನಿಟ್ಟಿನ ಗುಳಿಗೆಯನ್ನು ದಿನಾ ನುಂಗಿದರೆ ರಕ್ತದಲ್ಲಿ ಸುಣ್ಣದ ಅಂಶ ಏರಿ ವಾಂತಿ, ಮಲಬದ್ಧತೆ, ಗೊಂದಲ, ಮೂತ್ರಪಿಂಡದ ಹಾನಿ, ರಕ್ತದೊತ್ತಡದ ಏರಿಕೆ ಎಲ್ಲವೂ ಆಗಬಹುದು. ಬಿ6 ಕೂಡ ಹಾಗೆಯೇ: ಕೊರತೆಯೂ ನರಕ್ಕೆ ಕೆಟ್ಟದು, ದಿನಕ್ಕೆ 100 ಮಿ.ಗ್ರಾಂ ಮೀರಿ ತಿಂಗಳುಗಟ್ಟಲೆ ತೆಗೆದುಕೊಂಡರೆ ಅದೇ ಪಾದದ ಉರಿ, ಜೋಮು ತರುತ್ತದೆ. ನರಕ್ಕೆ ಒಳ್ಳೆಯದೆಂದು ಔಷಧದಂಗಡಿಯಿಂದ ತರುವ ಮಿಶ್ರ ಮಾತ್ರೆಗಳಲ್ಲಿ ಬಿ6 ಎಷ್ಟಿದೆ ಎಂದು ನೋಡಿಯೇ ಕೊಳ್ಳಿ.

ನಿಮ್ಮ ತಂಗಿಗೆ ಪರೀಕ್ಷೆ ಖಂಡಿತ ಬೇಕು, ಇದೇ ವಾರ ಮಾಡಿಸಿ. ಎದೆಹಾಲು ಮಾತ್ರ ಕುಡಿಯುವ ಮಗುವಿಗೆ ಬಿ12 ಸಿಗುವುದು ತಾಯಿಯಿಂದಲೇ. ತಾಯಿಯಲ್ಲಿ ಕೊರತೆಯಿದ್ದರೆ ಮಗು ಹುಟ್ಟುವಾಗಲೇ ಕಡಿಮೆ ದಾಸ್ತಾನಿನೊಂದಿಗೆ ಬಂದಿರುತ್ತದೆ, ಮೊದಲ ಕೆಲವು ತಿಂಗಳು ಆರೋಗ್ಯವಾಗಿಯೇ ಕಂಡು, ನಾಲ್ಕಾರು ತಿಂಗಳ ನಂತರ ಬಿಳಿಚಿಕೊಳ್ಳುವುದು, ನಗುವುದನ್ನು ಮತ್ತು ಕತ್ತು ನಿಲ್ಲಿಸುವುದನ್ನು ಮರೆಯುವುದು, ಕೈಕಾಲು ನಡುಗುವುದು ಆರಂಭವಾಗಬಹುದು. ಬೇಗ ಗುರುತಿಸಿ ಬಿ12 ಕೊಟ್ಟರೆ ಇಂಥ ಮಕ್ಕಳು ಕೆಲವೇ ದಿನಗಳಲ್ಲಿ ಚುರುಕಾಗುತ್ತಾರೆ, ತಡವಾದರೆ ಬುದ್ಧಿಯ ಬೆಳವಣಿಗೆಯಲ್ಲಿ ಕೊರತೆ ಉಳಿಯಬಹುದು. ಬಾಣಂತನದಲ್ಲಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆ ನಿಲ್ಲಿಸಬೇಕಾಗಿಲ್ಲ, ಅದರ ಜೊತೆಗೆ ಬಿ12 ಸೇರಬೇಕಷ್ಟೆ. ಅದೇ ದಿನ ನಿಮ್ಮ ತಾಯಿಯವರ ಮತ್ತು ನಿಮ್ಮ ರಕ್ತವನ್ನೂ ಕೊಟ್ಟು ಬನ್ನಿ. ಸೂಜಿ ಹಾಕಿಸಿಕೊಂಡ ಮೇಲೆ ರಕ್ತದಲ್ಲಿ ಬಿ12 ಹೆಚ್ಚಾಗಿಯೇ ತೋರುವುದರಿಂದ, ಮನೆಯ ಯಾರಿಗೇ ಆದರೂ ಮೊದಲು ಪರೀಕ್ಷೆಗೆ ರಕ್ತ ಕೊಟ್ಟು ಆಮೇಲೆ ಸೂಜಿ ಹಾಕಿಸಬೇಕು.